ಯೆಜ್ಡಿ ತಗೊಳ್ಳಲಾ, ಬೇಡ್ವಾ? ಗುಬ್ಬಿ ಶೆಡ್ಡಿನ ಪೂರ್ತಿ ಕತೆ

1/6

ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ, ನೆನಪಿದ್ಯಾ? ಹರಿದ ಟಾರ್ಪಾಲಿನ ಕೆಳಗೆ ತುಕ್ಕು ಹಿಡಿದ ಎರಡು ಸೈಲೆನ್ಸರ್ ಮಾತ್ರ ಕಾಣೋ ಫೋಟೋ. "ತಗೊಳ್ಳಲಾ, ಬೇಡ್ವಾ?" ಅಂತ ಕೇಳಿದ್ದೆ. ಮುಕ್ಕಾಲು ಭಾಗ ಜನ "ತಗೋ" ಒತ್ತಿದ್ರಿ. ಒತ್ತೋಕೇನು, ದುಡ್ಡು ನಿಮ್ಮದಲ್ವಲ್ಲ. ಆಮೇಲೆ ಏನಾಯ್ತು ಅಂತ ಡಿಎಂನಲ್ಲಿ ಕೇಳ್ತಾನೇ ಇದ್ದೀರಿ. ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಯ್ತು, ಇಲ್ಲೇ ಪೂರ್ತಿ ಹೇಳಿಬಿಡ್ತೀನಿ. ಉದ್ದ ಇದೆ. ಕ್ಲಾಸ್ ಮಧ್ಯೆ ಓದಿ ಸಿಕ್ಕಾಕ್ಕೋಬೇಡಿ.

ಗಾಡಿ ಯೆಜ್ಡಿ ರೋಡ್‌ಕಿಂಗ್, 1986ರ ಮಾಡೆಲ್. ಗುಬ್ಬಿ ಹತ್ರ ಒಂದು ಹಳ್ಳಿಗೆ ಫ್ರೆಂಡ್ ಅಕ್ಕನ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯೋಕೆ ಹಿತ್ತಲಿಗೆ ಹೋದಾಗ ಪಕ್ಕದ ಮನೆಯ ಕೊಬ್ಬರಿ ಶೆಡ್ಡಲ್ಲಿ ಕಣ್ಣಿಗೆ ಬಿತ್ತು. ಮೇಲೆ ಗೋಣಿಚೀಲ, ಸೀಟ್ ಮೇಲೆ ಕೋಳಿ ಕೂತಿದೆ. ಶೆಡ್ಡಿನವರು, ನಲವತ್ತು ದಾಟಿದ ಒಬ್ಬಣ್ಣ, "ಕೊಡೋದೇ ಕಣಮ್ಮ, 45,000" ಅಂದ್ರು. ಹತ್ತು ವರ್ಷ ಸ್ಟಾರ್ಟ್ ಆಗಿಲ್ಲ ಅನ್ನೋದನ್ನ ಹೇಳಿದ್ದು ಆಮೇಲೆ.

ನನ್ನ ಅಕೌಂಟಲ್ಲಿ ಇದ್ದಿದ್ದು 61,000. ಎರಡು ವರ್ಷ ಬೀದಿ ಮಕ್ಕಳಿಗೆಲ್ಲ ಗಣಿತ ಟ್ಯೂಷನ್ ಹೇಳಿ ಉಳಿಸಿದ್ದು. ಜುಲೈನಲ್ಲಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಬೇಕು. ಪಿಜಿ ಅಡ್ವಾನ್ಸು, ಮೊದಲ ಸಂಬಳ ಬರೋವರೆಗಿನ ಊಟ, ಎಲ್ಲಾ ಅದರಲ್ಲೇ. ಅಪ್ಪನ ಹತ್ರ ಕೇಳೋ ಹಾಗಿಲ್ಲ. ಕೇಳಿದ್ರೆ ಕೊಡ್ತಾರೆ, ಅದಕ್ಕೇ ಕೇಳೋ ಹಾಗಿಲ್ಲ.

2/6

"ಅಷ್ಟು ದುಡ್ಡಿಗೆ ಒಳ್ಳೇ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಲ್ಲೇ" ಅಂದವರಿಗೆ ಈ ಭಾಗ.

ಯೆಜ್ಡಿ ನಮ್ಮ ಮೈಸೂರಿನ ಗಾಡಿ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಮೊದಲು ಜೆಕೊಸ್ಲೊವಾಕಿಯಾದ ಜಾವಾ ಬೈಕ್‌ಗಳನ್ನ ಲೈಸೆನ್ಸ್ ಮೇಲೆ ಮಾಡ್ತಿದ್ರು, 1970ರ ದಶಕದಲ್ಲಿ ಯೆಜ್ಡಿ ಅಂತ ಹೆಸರು ಬದಲಾಯ್ತು. ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. ಇರೋದು ಒಂದೇ ಸಿಲಿಂಡರ್, ಆದ್ರೆ ಸೈಲೆನ್ಸರ್ ಎರಡು. ಕಿಕ್ ಹೊಡೆಯೋ ಕಡ್ಡಿಯೇ ಗೇರ್ ಲಿವರ್ ಕೂಡ: ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದ್ರೆ ಕಿಕ್ಕರ್, ಮುಂದಕ್ಕೆ ತಂದ್ರೆ ಗೇರ್. ನಮ್ಮ ಮೆಕ್ ಬ್ಯಾಚ್‌ನವರೇ ಎಷ್ಟು ಜನ ಇದನ್ನ ನೋಡಿದ್ದೀರಿ, ಹೇಳಿ? 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಪೆಟ್ರೋಲ್ ಕುಡಿಯೋ ಟೂ ಸ್ಟ್ರೋಕ್ ಎದುರು ಅದರ ಮೈಲೇಜ್ ನೋಡಿ ಜನ ಆ ಕಡೆ ಹೋದ್ರು. 1996ರಲ್ಲಿ ಫ್ಯಾಕ್ಟರಿ ಮುಚ್ಚಿತು. ಈಗ ಶೋರೂಮಲ್ಲಿ ಅದೇ ಹೆಸರಿನ ಗಾಡಿ ಸಿಗುತ್ತೆ, ಆದ್ರೆ ಅದು ಫೋರ್ ಸ್ಟ್ರೋಕ್, ಬೇರೆ ಕಂಪನಿ, ಬೇರೆ ಸದ್ದು.

ನಂಗೆ ಬೇಕಿದ್ದಿದ್ದು ಆ ಹಳೇ ಸದ್ದು. ಕಾರಣ ಅಷ್ಟೇ, ತಾತನ ಗಾಡಿ ಗೀಡಿ ಅಂತ ಕತೆ ಏನಿಲ್ಲ. ನಮ್ಮ ತಾತನ ಹತ್ರ ಇದ್ದಿದ್ದು ಸೈಕಲ್.

3/6

ಇಂಜಿನ್ ವಿಷಯ. ಇದು ಉದ್ದ, ಬೇಡ ಅನ್ನೋರು ಮುಂದಿನದಕ್ಕೆ ಹೋಗಿ.

ಕುಣಿಗಲ್‌ನಲ್ಲಿ ಹಳೇ ಟೂ ಸ್ಟ್ರೋಕ್ ಮಾತ್ರ ಮುಟ್ಟೋ ಮೆಕ್ಯಾನಿಕ್ ಒಬ್ರು ಇದ್ದಾರೆ. ಎಲ್ಲರೂ ಭಾಯ್ ಅಂತಾರೆ. ಹೆಸರು, ಜಾಗ ಹಾಕ್ಬೇಡ ಅಂದಿದ್ದಾರೆ, ಇರೋ ಗಾಡಿಗಳೇ ಮುಗೀತಿಲ್ವಂತೆ. ಒಂದು ಭಾನುವಾರ ಹೆಬ್ಬೂರು, ಗೂಳೂರು ಮೇಲೆ ಬಸ್ಸಲ್ಲಿ ತುಮಕೂರಿಗೆ ಬಂದ್ರು. ಅಲ್ಲಿಂದ ಅಪ್ಪನ ಸ್ಕೂಟರಲ್ಲಿ ಗುಬ್ಬಿಗೆ ಕರ್ಕೊಂಡು ಹೋದೆ. ದಾರಿಯುದ್ದಕ್ಕೂ ನಾನು ಬ್ರೇಕ್ ಹಿಡಿಯೋ ರೀತಿಗೆ ಬೈದ್ರು.

ಶೆಡ್ಡಿಗೆ ಹೋದವಳೇ ನಾನು ಮಾಡಿದ ಮೊದಲ ಕೆಲಸ ಕಿಕ್ಕರ್ ಮೇಲೆ ಕಾಲಿಡೋದು. ಭಾಯ್ ಕೈ ಹಿಡಿದು ಎಳೆದ್ರು. "ಏನಮ್ಮಾ, ಇಂಜಿನಿಯರಿಂಗ್ ಓದ್ತಿದೀಯಾ? ಜಾಮ್ ಆಗಿರೋ ಇಂಜಿನ್‌ಗೆ ಕಿಕ್ ಹೊಡೆದ್ರೆ ಒಳಗೆ ಹಲ್ಲು ಮುರೀತದೆ." ಪ್ಲಗ್ ಬಿಚ್ಚಿ, ಆ ತೂತಲ್ಲಿ ಡೀಸೆಲ್ಲೂ ಆಯಿಲ್ಲೂ ಬೆರೆಸಿ ಸುರಿದು, ಮುಚ್ಚಿ, "ಬುಧವಾರ ಬರ್ತೀನಿ" ಅಂತ ಹೊರಟೇಬಿಟ್ರು. ಅಷ್ಟಕ್ಕೆ ಅಷ್ಟು ದೂರ ಬಂದಿದ್ರು.

ಬುಧವಾರ ಪಿಸ್ಟನ್ ಅಲ್ಲಾಡ್ತು. ಹೆಡ್ ಬಿಚ್ಚಿ ಪಿಸ್ಟನ್ ತಲೆ ಒರೆಸಿದ್ರೆ ಅಂಕಿ ಕಾಣ್ತು. ಸ್ಟ್ಯಾಂಡರ್ಡ್ ಬೋರ್ 65 ಮಿಲಿಮೀಟರ್. ಇದರಲ್ಲಿ 65.75. ಅಂದ್ರೆ ಕಾಲು ಕಾಲು ಮಿಲಿಮೀಟರ್ ಲೆಕ್ಕದಲ್ಲಿ ಮೂರು ಸಲ ಬೋರಿಂಗ್ ಆಗಿದೆ. ಇನ್ನೊಂದು ಸಲ ಆಗುತ್ತೆ, ಆಮೇಲೆ ಸ್ಲೀವ್ ಹಾಕ್ಬೇಕು. ಭಾಯ್ ಕನೆಕ್ಟಿಂಗ್ ರಾಡನ್ನ ಮೇಲೆ ಕೆಳಗೆ ಅಲ್ಲಾಡಿಸಿದ್ರು. ಟಕ್ ಟಕ್. ನಂಗೂ ಕೇಳಿಸ್ತು. ಬಿಗ್ ಎಂಡ್ ಬೇರಿಂಗ್ ಹೋಗಿದೆ.

ಇದರಲ್ಲಿ ಕ್ರ್ಯಾಂಕ್ ಅನ್ನೋದು ತುಂಡುಗಳನ್ನ ಒತ್ತಿ ಕೂರಿಸಿರೋದು. ಇಂಜಿನ್ ಪೂರ್ತಿ ಎರಡು ಹೋಳು ಮಾಡಿ, ಕ್ರ್ಯಾಂಕನ್ನ ಪ್ರೆಸ್‌ನಲ್ಲಿ ಬಿಡಿಸಿ, ಹೊಸ ರಾಡು, ಬೇರಿಂಗ್ ಹಾಕಿ, ಮತ್ತೆ ಒತ್ತಿ, ನೇರ ಇದೆಯಾ ನೋಡ್ಬೇಕು. ಜೊತೆಗೆ ಆಯಿಲ್ ಸೀಲ್. ಟೂ ಸ್ಟ್ರೋಕಲ್ಲಿ ಪೆಟ್ರೋಲ್ ಮತ್ತು ಆಯಿಲ್ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಹೋಗಿ ಅಲ್ಲಿಂದ ಪಿಸ್ಟನ್ ಮೇಲಕ್ಕೆ ಬರುತ್ತೆ. ಹಾಗಾಗಿ ಆ ಕೋಣೆ ಸೋರಬಾರದು. ನಿಂತ ಗಾಡಿಯಲ್ಲಿ ಸೀಲಿನ ರಬ್ಬರ್ ಒಣಗಿ ಕಲ್ಲಾಗಿರುತ್ತೆ. ಒಂದು ಕಡೆ ಸೋರಿದ್ರೆ ಹೊರಗಿನ ಗಾಳಿ ಎಳ್ಕೊಂಡು, ಇಂಜಿನ್ ಕಾದು ಸೀಜ್. ಕ್ಲಚ್ ಕಡೆ ಸೋರಿದ್ರೆ ಗೇರ್ ಆಯಿಲನ್ನೇ ಕುಡಿದು ಬಿಳಿ ಹೊಗೆ. ಮೂರು ವರ್ಷ ಥಿಯರಿ ಓದಿದೀನಿ, ಈ ಎರಡು ಹೊಗೆಯ ವ್ಯತ್ಯಾಸ ಯಾವ ನೋಟ್ಸಲ್ಲೂ ಬರ್ಕೊಂಡಿರಲಿಲ್ಲ.

ಭಾಯ್ ಲೆಕ್ಕ: ಇಂಜಿನ್‌ಗೆ 22,000. "ಬಿಚ್ಚಿದ ಮೇಲೆ ಇನ್ನೊಂದು ನಾಲ್ಕೈದು ಸಾವಿರ ಹೆಚ್ಚಾದ್ರೆ ನನ್ನ ಮುಂದೆ ಅಳಬಾರ್ದು." ಟೈರು, ವೈರಿಂಗು, ಕೇಬಲ್ಲು ಬೇರೆ.

45,000ಕ್ಕೆ ಇದನ್ನ ಸೇರಿಸಿ. ನಾನೂ ಸೇರಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

4/6

ಆದ್ರೂ ಬೆಳಗ್ಗೆ ಎದ್ದು 5,000 ಅಡ್ವಾನ್ಸ್ ಕಳಿಸೋಕೆ ಹೊರಟಿದ್ದೆ. ಆ ಅಣ್ಣ ಫೋನ್ ಮಾಡಿ "ಬೇರೆ ಪಾರ್ಟಿ ಬಂದಿದ್ದಾರೆ" ಅಂದಿದ್ರು, ನಂಗೆ ಭಯ ಆಯ್ತು. ನಿಲ್ಲಿಸಿದ್ದು ಅಪ್ಪ. ಬೈಲಿಲ್ಲ. ಕಾಫಿ ಕುಡೀತಾ "ಆರ್‌ಸಿ ಯಾರ ಹೆಸರಲ್ಲಿದೆ?" ಅಂದ್ರು.

ಆರ್‌ಸಿ ಅಣ್ಣನ ದೊಡ್ಡಪ್ಪನ ಹೆಸರಲ್ಲಿದೆ. ಕೆಎ 06 ಬರೋದಕ್ಕೂ ಮುಂಚಿನ ಹಳೇ ನಂಬರು, ಪುಸ್ತಕದ ಥರ ಆರ್‌ಸಿ. ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಭಾಯ್ ಪೆನ್ಸಿಲ್ ಉಜ್ಜಿ ತಾಳೆ ನೋಡಿದ್ರು, ಸರಿ ಇತ್ತು. (ಇದನ್ನ ಮಾತ್ರ ನೀವು ಯಾವ ಹಳೇ ಗಾಡಿ ತಗೊಂಡ್ರೂ ಮಾಡಿ. ಬೇರೆ ಗಾಡಿಯ ಇಂಜಿನ್ ಕೂರಿಸಿದ್ರೆ ಆರ್‌ಟಿಓದಲ್ಲಿ ನೀವು ಸಿಕ್ಕಾಕ್ಕೊಳ್ತೀರಿ.) ದೊಡ್ಡಪ್ಪ ತೀರಿಕೊಂಡಿದ್ದು 2015ರಲ್ಲಿ. "ತೊಂದ್ರೆ ಇಲ್ಲ, ಫಾರಂ 29, 30ಕ್ಕೆ ಅವರೇ ಮೊದ್ಲೇ ಸೈನ್ ಹಾಕಿಟ್ಟಿದ್ದಾರೆ" ಅಂದಿದ್ರು ಅಣ್ಣ. ನಾನು ತಲೆಯಾಡಿಸಿದ್ದೆ.

"ಸತ್ತೋರ ಸೈನಿಗೆ ಯಾವ ತಾರೀಖು ಹಾಕ್ತೀಯ?" ಅಂದ್ರು ಅಪ್ಪ.

ಉತ್ತರ ಇರಲಿಲ್ಲ. ಆಮೇಲೆ ಕೂತು ಓದಿ ತಿಳ್ಕೊಂಡೆ. ಮಾಲೀಕರು ತೀರಿಕೊಂಡಿದ್ರೆ ಗಾಡಿ ಮೊದಲು ವಾರಸುದಾರರ ಹೆಸರಿಗೆ ಹೋಗ್ಬೇಕು, ಅದಕ್ಕೆ ಫಾರಂ 31, ಡೆತ್ ಸರ್ಟಿಫಿಕೇಟು, ವಂಶವೃಕ್ಷ. ಸ್ವಂತ ಬಳಕೆಯ ಗಾಡಿಗೆ ರಿಜಿಸ್ಟ್ರೇಷನ್ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಇದರದ್ದು ಮುಗಿದು ಎಷ್ಟೋ ಕಾಲ ಆಗಿದೆ, ಮಾಡಿಸ್ಬೇಕು ಅಂದ್ರೆ ಗಾಡಿ ಓಡಿಸಿ ಇನ್ಸ್‌ಪೆಕ್ಟರ್‌ಗೆ ತೋರಿಸ್ಬೇಕು. ತಡವಾಗಿದ್ದಕ್ಕೆ ದಂಡ ಬೇರೆ. "ವಿಂಟೇಜ್ ಅಂತ ಮಾಡಿಸು" ಅಂತ ಮೂವರು ಕಾಮೆಂಟ್ ಹಾಕಿದ್ರಿ. 2021ರ ನಿಯಮದಲ್ಲಿ ವಿಂಟೇಜ್ ಅಂದ್ರೆ 50 ವರ್ಷ ಆಗಿರ್ಬೇಕು. ಇದಕ್ಕೆ 2036ರವರೆಗೆ ಕಾಯ್ಬೇಕು. ಹೊಸದಾಗಿ ಹಾಗೆ ನೋಂದಾಯಿಸೋ ಫೀಸೇ 20,000!

ಹಾಗಾದ್ರೆ ವಾರಸುದಾರರು ಯಾರು? ಫೋನಲ್ಲಿ ಕೇಳಿದೆ. "ದೊಡ್ಡಮ್ಮ ಇದ್ದಾರೆ ಬಿಡಮ್ಮ, ಅವರಿಗೆ ಏನೂ ಗೊತ್ತಾಗಲ್ಲ."

5/6

ಮೂರನೇ ಸಲ ಹೋದಾಗ ಅಜ್ಜಿ ಜಗುಲಿ ಮೇಲೆ ಹುಣಸೇಹಣ್ಣಿನ ಬೀಜ ಬಿಡಿಸ್ತಾ ಕೂತಿದ್ರು. ಎರಡು ಸಲ ಬಂದಾಗಲೂ ಅಲ್ಲೇ ಕೂತಿದ್ರು, ನಾನು ನಮಸ್ಕಾರ ಕೂಡ ಮಾಡದೆ ಶೆಡ್ಡಿಗೆ ಹೋಗಿದ್ದೆ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ, ಆದ್ರೆ ಹಾಗೇ ಆಗಿದ್ದು.

"ಗಾಡಿ ಕೇಳ್ತಿರೋಳು ನೀನೇನವ್ವ? ಕಾಲು ನೆಲಕ್ಕೆ ಎಟುಕ್ತದಾ?"

ಎಟುಕುತ್ತೆ ಅಜ್ಜಿ ಅಂದೆ. ಪಕ್ಕ ಕೂರಿಸ್ಕೊಂಡ್ರು. ಅವರ ಯಜಮಾನ್ರು ಮೇಷ್ಟ್ರು. ದಿನಾ ಅದರಲ್ಲೇ ಸ್ಕೂಲಿಗೆ ಹೋಗಿಬರ್ತಿದ್ರು. ಸಂಜೆ ಬಂದು ಗಾಡಿ ನಿಲ್ಲಿಸಿ ಒಳಗೆ ಹೋಗಿಬಿಡೋರು, ಪೆಟ್ರೋಲ್ ಕೊಳಾಯಿ ತಿರುಗಿಸೋದು ಮರೆಯೋರು, ಅದನ್ನ ಬಂದ್ ಮಾಡೋ ಕೆಲಸ ಅಜ್ಜಿದು. "ಮಾಡ್ಲಿಲ್ಲ ಅಂದ್ರೆ ಬೆಳಗ್ಗೆ ಒಳಗೆಲ್ಲ ಪೆಟ್ರೋಲ್ ತುಂಬ್ಕೊಂಡು ಎದ್ದೇಳ್ತಿರಲಿಲ್ಲ ಕಣವ್ವ." ಏನೂ ಗೊತ್ತಾಗಲ್ಲ ಅಂದಿದ್ದು ಇವರನ್ನ.

ಮಾತಿನ ಭರದಲ್ಲಿ ನಾನು ಅಂದುಬಿಟ್ಟೆ: "45,000 ಜಾಸ್ತಿ ಆಯ್ತು ಅಜ್ಜಿ, ಇಂಜಿನ್ ಕೆಲಸನೇ ಅಷ್ಟಿದೆ."

ಅಜ್ಜಿ ಕೈ ನಿಂತಿತು. ಅವರಿಗೆ ಹೇಳಿದ್ದಿದ್ದು ಗಾಡಿ ಗುಜರಿಗೆ ಹೋಗುತ್ತೆ, 6,000 ಬರುತ್ತೆ ಅಂತ. ಬಾಗಿಲಲ್ಲಿ ನಿಂತಿದ್ದ ಅಣ್ಣನ ಕಡೆ ಅಜ್ಜಿ ನೋಡಲೇ ಇಲ್ಲ. ಬೀಜ ಬಿಡಿಸೋದು ಮುಂದುವರಿಸಿ, ಎಷ್ಟೋ ಹೊತ್ತಾದ ಮೇಲೆ, "ಮಾರಾನ. ದುಡ್ಡು ನನ್ನ ಕೈಗೆ ಕೊಡು" ಅಂದ್ರು.

6/6

ಅವತ್ತು ರಾತ್ರಿ ಅಣ್ಣ ಫೋನ್ ಮಾಡಿ "ಮನೆ ಒಡೆಯೋಕೆ ಬಂದ್ಯಾ?" ಅಂತ ಕೂಗಾಡಿದ್ರು. ಹತ್ತು ವರ್ಷ ಶೆಡ್ಡಲ್ಲಿ ಜಾಗ ಕೊಟ್ಟಿದ್ದು ನಾನು, ಅಜ್ಜಿಗೆ ಊಟ ಹಾಕ್ತಿರೋದು ನಾನು ಅಂದ್ರು. ಅದೂ ಸುಳ್ಳಲ್ಲ. ಅವರನ್ನ ಪೂರ್ತಿ ಕೆಟ್ಟವರು ಅಂತ ಬರೆಯೋಕೆ ನಂಗೆ ಆಗ್ತಿಲ್ಲ. ಮೂರು ವಾರ ಸದ್ದಿಲ್ಲ. ಬಿಟ್ಟುಬಿಡೋಣ ಅಂತ ಅನ್ನಿಸ್ತು, ನಿಜ ಹೇಳ್ಬೇಕಂದ್ರೆ ಒಂಥರಾ ನಿರಾಳ ಕೂಡ ಆಯ್ತು.

ಆಮೇಲೆ ಅಜ್ಜಿಯ ಮಗಳು ಬೆಂಗಳೂರಿಂದ ಫೋನ್ ಮಾಡಿದ್ರು. ಅಪ್ಪನೂ ನಾನೂ ಹೋದ್ವಿ. ಕೊನೆಗೆ ಒಪ್ಪಿದ್ದು ಹೀಗೆ: ಬೆಲೆ 30,000. 15,000 ಈಗಲೇ ಅಜ್ಜಿ ಪಾಸ್‌ಬುಕ್ಕಿಗೆ. ಅವರು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕ್ತಾರೆ, ಮಗಳು ಒಪ್ಪಿಗೆ ಬರ್ಕೊಡ್ತಾರೆ. ಇಂಜಿನ್ ನಾನು ಮಾಡಿಸ್ತೀನಿ. ಗಾಡಿ ಓಡಿ, ರಿನ್ಯೂವಲ್ ಆಗಿ, ಅಜ್ಜಿ ಹೆಸರಿಗೆ ಬಂದು, ಅಲ್ಲಿಂದ ನನ್ನ ಹೆಸರಿಗೆ ಬಂದ ದಿನ ಉಳಿದ 15,000, ನನ್ನ ಸಂಬಳದಿಂದ. ಆರ್‌ಟಿಓದವರು ಒಪ್ಪಲಿಲ್ಲ ಅಂದ್ರೆ ಗಾಡಿ ಅಜ್ಜಿದೇ, ಇಂಜಿನ್ ಖರ್ಚು ಹೋಗಿದ್ದು ಹೋಯ್ತು. ಛಾಪಾ ಕಾಗದದಲ್ಲಿ ಬರೆಸಿದ್ದೀವಿ.

ಹೌದು, ನನ್ನ ಹೆಸರಲ್ಲಿಲ್ಲದ ಗಾಡಿಗೆ ನಾನು ದುಡ್ಡು ಸುರೀತಿದೀನಿ. ಅಮ್ಮ ಈಗಲೂ ಮುಖ ಊದಿಸ್ಕೊಂಡಿದ್ದಾರೆ. ಲೆಕ್ಕ ಹಾಕಿದೀನಿ: ಪಿಜಿಗೆ ಎತ್ತಿಟ್ಟ 20,000 ಮುಟ್ಟಲ್ಲ. ಅಜ್ಜಿಗೆ ಕೊಟ್ಟು ಉಳಿದ 26,000ದಲ್ಲಿ ಭಾಯ್ ಹೇಳಿದ ಇಂಜಿನ್ ಕೆಲಸ ಆಗುತ್ತೆ, ನಾಲ್ಕು ಸಾವಿರ ಹೆಚ್ಚಾದ್ರೂ ತಡ್ಕೋಬಹುದು. ಐದಾದ್ರೆ ಅಳಬೇಕು. ಟೈರು, ವೈರಿಂಗು ಎಲ್ಲಾ ಸಂಬಳ ಬಂದ ಮೇಲೆ. ಹೇಗೆ ನೋಡಿದ್ರೂ ದೀಪಾವಳಿಗೆ ಮುಂಚೆ ರೋಡಿಗಿಳಿಯಲ್ಲ.

ನಿನ್ನೆ ಏಸ್ ಗಾಡಿ ತಂದು ಕುಣಿಗಲ್‌ಗೆ ಸಾಗಿಸಿದ್ವಿ. ಅಣ್ಣ ಬಂದು ಹಿಂದಿನ ಚಕ್ರ ಹಿಡಿದು ಎತ್ತಿದ್ರು, ಮಾತಾಡಲಿಲ್ಲ. ಹಗ್ಗ ಕಟ್ಟೋವಾಗ ಅಜ್ಜಿ ಜಗುಲಿಯಿಂದ ಕೂಗಿ ಕೇಳಿದ್ರು, ಕೊಳಾಯಿ ಬಂದ್ ಐತಾ ನೋಡಿದ್ಯಾ ಅಂತ. ಟ್ಯಾಂಕಲ್ಲಿ ಒಂದು ತೊಟ್ಟೂ ಇರಲಿಲ್ಲ. ಆದ್ರೂ ಏಸ್ ಹತ್ತಿ ನೋಡಿದೆ. ತೆರೆದೇ ಇತ್ತು, ತಿರುಗಿಸಿದೆ.

ಕ್ರ್ಯಾಂಕ್ ಬಿಚ್ಚಿದ ದಿನ ರೀಲ್ ಹಾಕ್ತೀನಿ. ಇನ್ನೊಂದು: ಜುಲೈಯಿಂದ ಬೆಂಗಳೂರಲ್ಲಿ ಪಿಜಿ ಶೇರ್ ಮಾಡೋಕೆ ನಮ್ಮ ಬ್ಯಾಚಿನ ಹುಡುಗೀರು ಯಾರಾದ್ರೂ ಇದ್ರೆ ಬೇಗ ಡಿಎಂ ಮಾಡಿ. ಕಡಿಮೆ ಬಾಡಿಗೆದು ಆಗ್ಬೇಕು, ಯಾಕೆ ಅಂತ ಗೊತ್ತಲ್ಲ.