ಹಿಡಿದು ಬಿಡುವ ಪುಣ್ಯ

ಹೋದ ಯುಗಾದಿಗೆ ಊರಿಗೆ ಹೋದಾಗ ತಮ್ಮ ಒಂದು ಪ್ಲಾನ್ ಇಟ್ಕೊಂಡು ಕಾಯ್ತಿದ್ದ. ತಮ್ಮ ಅಂದ್ರೆ ಕಾಕಾನ ಮಗ. ನಮ್ಮಪ್ಪ ಮೇಷ್ಟ್ರ ನೌಕರಿ ಸಿಕ್ಕು ಮಾನ್ವಿಗೆ ಬಂದು ನೆಲೆಸಿದರು. ಕಾಕಾ ಮಾತ್ರ ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆ ಬಿಟ್ಟು ಕದಲಲಿಲ್ಲ. ಅಜ್ಜ ಹರಿಗೋಲು ಹಾಕುತ್ತಿದ್ದ ನದಿಯಲ್ಲೇ ಕಾಕಾ ಇವತ್ತಿಗೂ ಬಲೆ ಬೀಸುತ್ತಾರೆ. ಅವರ ಹಳ್ಳಿ ಗೂಗಲ್ ಹತ್ತಿರ. ಆಫೀಸಿನಲ್ಲಿ ಈ ಹೆಸರು ಹೇಳಿದರೆ ಎಲ್ಲರೂ ನಗುತ್ತಾರೆ. ಇದು ಅಲ್ಲಮಪ್ರಭುವಿನ ಗುಡಿ ಇರುವ, ಬ್ಯಾರೇಜು ಇರುವ ನಮ್ಮ ಗೂಗಲ್.

"ಅಣ್ಣ, ನಾಕು ಟೆಂಟು, ಒಂದು ಅಡಗಿ ಮನಿ, ಹತ್ತು ಗಾಳದ ಕೋಲು. ಬೆಂಗಳೂರು, ಹೈದ್ರಾಬಾದ್ ಮಂದಿ ವೀಕೆಂಡಿಗೆ ಬರ್ತಾರ. ಮೀನು ಹಿಡಿತಾರ, ಫೋಟೋ ತೆಗಿಸ್ಕೊಂತಾರ, ತಿರುಗಿ ಬಿಡ್ತಾರ. ಮೀನೂ ಸಾಯಂಗಿಲ್ಲ, ರೊಕ್ಕಾನೂ ಬರ್ತದ. ದೊಡ್ಡ ಜಾತಿ ಮೀನಿನ ಮರಿ ಎಲ್ಲಿಂದರ ತಂದು ಬಿಟ್ರಾತು. ನೀ ಮೂರು ಲಕ್ಷ ಹಾಕು, ಉಳದಿದ್ದು ನಾ ನೋಡ್ಕೊಂತೀನಿ."

ಮೂರು ಲಕ್ಷ ನನ್ನ ಹತ್ತಿರ ಇತ್ತು. ಆದರೆ "ಮೀನೂ ಸಾಯಂಗಿಲ್ಲ" ಅನ್ನೋ ಮಾತು ಕೇಳಿದ್ದೇ ನನ್ನ ಮುಖ ಸಣ್ಣಗಾಯಿತು. ಕಾರಣ ಅವನಿಗೆ ಗೊತ್ತಿರಲಿಲ್ಲ, ಯಾರಿಗೂ ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಟೀಮ್ ಬೆಂಗಳೂರಿನ ಹೊರಗೆ ಒಂದು ಫಾರ್ಮಿಗೆ ಔಟಿಂಗ್ ಹೋಗಿತ್ತು. ಅಲ್ಲೊಂದು ಕೆರೆಯಂಥ ಹೊಂಡ, ಬಾಡಿಗೆಗೆ ಗಾಳ. ನನ್ನ ಗಾಳಕ್ಕೆ ಸುಮಾರು ಮೂರು ಕೆಜಿಯ ಕಟ್ಲಾ ಬಿತ್ತು. ಮೀನು ಹಿಡಿಯೋ ಮನೆತನದವನಾಗಿಯೂ ನಾನು ಗಾಳ ಹಿಡಿದದ್ದು ಅದೇ ಮೊದಲು! ಮೊದಲು ನನ್ನ ಜೊತೆ ಫೋಟೋ, ಆಮೇಲೆ ಮ್ಯಾನೇಜರ್ ಜೊತೆ, ಆಮೇಲೆ ಗ್ರೂಪ್ ಸೆಲ್ಫಿ, ಆಮೇಲೆ ಯಾರೋ "ವಿಡಿಯೋ ಆನ್ ಇರಲಿಲ್ಲ, ಇನ್ನೊಂದ್ಸಲ" ಅಂದರು. ನೀರಿಗೆ ಬಿಟ್ಟಾಗ ಬಾಲ ಅಲ್ಲಾಡಿಸುತ್ತಾ ಹೋಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ಊಟಕ್ಕೆ ಮುಂಚೆ ಕೈ ತೊಳೆಯಲು ಹೋದೆ. ಅದೇ ಕಟ್ಲಾ ದಡದ ಹತ್ತಿರ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಕೆಲಸದ ಹುಡುಗ ಬಂದು ಏನೂ ಮಾತಾಡದೆ ಬಕೆಟ್ಟಿಗೆ ಹಾಕಿಕೊಂಡು ಹೋದ. ಅವನಿಗೆ ಅದು ದಿನಾ ನೋಡೋ ವಿಷಯ ಅನ್ನಿಸುತ್ತೆ. ನಾನು ಸಂಜೆ ಇನ್‌ಸ್ಟಾಗ್ರಾಮಿಗೆ ಫೋಟೋ ಹಾಕಿ 'ಕ್ಯಾಚ್ ಅಂಡ್ ರಿಲೀಸ್' ಅಂತ ಬರೆದೆ. ಲೈಕುಗಳೂ ಬಂದವು.

ಯಾಕೆ ಸತ್ತಿತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಗಾಳಕ್ಕೆ ಸಿಕ್ಕ ಮೀನು ಶಕ್ತಿ ಮೀರಿ ಎಳೆದಾಡುತ್ತೆ, ಮೈಯಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬಿಕೊಳ್ಳುತ್ತೆ. ಮ್ಯಾರಥಾನ್ ಮುಗಿಸಿದವನ ಮೂಗು ಬಾಯಿ ಮುಚ್ಚಿ ಫೋಟೋಗೆ ನಿಲ್ಲಿಸಿದ ಹಾಗೆ, ಅದೇ ಹೊತ್ತಿಗೆ ನಾವು ಅದನ್ನ ನೀರಿನಿಂದ ಹೊರಗೆ ಎತ್ತುತ್ತೇವೆ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತೆ. ಮತ್ತೆ, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ರಾಯಚೂರಿನ ಮೇ ತಿಂಗಳು ನೆನೆಸಿಕೊಳ್ಳಿ. ಅಲ್ಲಿ ನೆರಳಲ್ಲಿ ಕೂತ ಮನುಷ್ಯನಿಗೇ ಉಸಿರು ಕಟ್ಟುತ್ತೆ.

ತಮ್ಮನ ಪ್ಲಾನ್ ಕೇಳಿ ಕಾಕಾ ಜೋರಾಗಿ ನಕ್ಕರು. "ಹಿಡದರ ತಿನ್ನು. ಬಿಡೋದಿದ್ರ ಹಿಡೀಬ್ಯಾಡ. ಹೊಟ್ಟಿಗಾಗಿ ಹಿಡದಿದ್ದಕ್ಕ ಗಂಗವ್ವ ಕ್ಷಮಾ ಮಾಡ್ತಾಳ. ಆಟಕ್ಕ ತುಟಿ ಹರದಿದ್ದಕ್ಕ ಏನಂತ ಕೇಳ್ಕೊಂತಿ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಮತ್ತ ಈ ಹೊಳ್ಯಾಗ ಮೊಸಳಿ ಅದಾವ. ನಿನ್ನ ಗಿರಾಕಿ ನೀರಿಗಿಳದ್ರ ಅವು ಹಿಡದು ಬಿಡಂಗಿಲ್ಲಪಾ" ಅಂತ ಸೇರಿಸಿದರು.

ಕಾಕಾನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಪೂರ್ತಿ ಒಪ್ಪಿಕೊಳ್ಳೋಕೂ ಆಗಲಿಲ್ಲ. ಯಾಕಂದ್ರೆ ಆ ಕಟ್ಲಾ ಸತ್ತ ಮೇಲೆ ಓದುತ್ತಾ ಹೋದಾಗ ಕಾವೇರಿಯ ಮಹಶೀರ್ ಕಥೆ ಸಿಕ್ಕಿತ್ತು.

ಕಾವೇರಿಯಲ್ಲಿ ಬೆನ್ನು ಗೂನಾದ ಒಂದು ಮಹಶೀರ್ ಇದೆ, ಬೇರೆ ಯಾವ ನದೀಪಾತ್ರದಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡ್, ಅಂದರೆ 54 ಕೆಜಿ ಇತ್ತು. ಮುಂದೆ ಡೈನಮೈಟ್ ಹಾಕಿ ಮೀನು ಕೊಲ್ಲೋದು ಹೆಚ್ಚಾದಾಗ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಅನ್ನೋ ಗಾಳಗಾರರ ಸಂಘ ನದಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಕ್ಯಾಂಪ್ ನಡೆಸಿತು. ನಿಯಮ ಒಂದೇ: ರಾಗಿ ಉಂಡೆ ಕಟ್ಟಿ ಹಿಡಿ, ತೂಕ ನೋಡು, ಜೀವಂತ ಬಿಡು. ಮೊದಲು ಕದ್ದು ಮೀನು ಹಿಡಿಯುತ್ತಿದ್ದವರೇ ಎಷ್ಟೋ ಜನ ಗೈಡುಗಳಾದರು, ಕಾವಲುಗಾರರಾದರು. ಹೊರದೇಶದವರ ದುಡ್ಡು ಆ ಹಳ್ಳಿಗಳ ಅನ್ನವಾಯಿತು. ತಮ್ಮ ಹೇಳೋದೂ ಇದನ್ನೇ. ಅವನದು ಹುಚ್ಚು ಕನಸಂತೂ ಅಲ್ಲ.

ಆದರೆ ಕಥೆಯ ಇನ್ನೊಂದು ಅರ್ಧ ಇದೆ. ನದಿ ತುಂಬಲಿ ಅನ್ನೋ ಒಳ್ಳೇ ಮನಸ್ಸಿನಿಂದಲೇ ಲೋನಾವಳದ ಟಾಟಾ ಮರಿಕೇಂದ್ರದಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನ ತಂದು ಕಾವೇರಿಗೆ ಬಿಟ್ಟರು. ಈ ನೀಲಿ ರೆಕ್ಕೆಯದು ಯಾವೂರಿನದು ಗೊತ್ತೇ? 1839ರಲ್ಲಿ ಸೈಕ್ಸ್ ಎಂಬಾತ ಇದನ್ನ ಮೊದಲು ವರ್ಣಿಸಿದ್ದು ಪುಣೆ ಹತ್ತಿರದ ಮುಳಾ-ಮುಠಾ ನದಿಯಿಂದ. ಮುಳಾ-ಮುಠಾ ಭೀಮೆಗೆ ಸೇರುತ್ತೆ, ಭೀಮೆ ನಮ್ಮ ರಾಯಚೂರು ತಾಲ್ಲೂಕಿನ ಕಾಡ್ಲೂರಿನ ಹತ್ತಿರ ಕೃಷ್ಣೆಗೆ ಸೇರುತ್ತೆ. ಅಂದ್ರೆ ನಮ್ಮ ಹೊಳೆ ಬಳಗದ ಮೀನು! ಅದು ಕಾವೇರಿಗೆ ಹೋಗಿ ಚೆನ್ನಾಗಿ ಬೆಳೆಯಿತು. ಅಲ್ಲಿನ ಗೂನು ಬೆನ್ನಿನದು ಕರಗುತ್ತಾ ಹೋಯಿತು.

ಇದು ಗೊತ್ತಾಗಿದ್ದು ಗಾಲಿಬೋರೆ ಕ್ಯಾಂಪಿನ ದಾಖಲೆ ಪುಸ್ತಕದಿಂದ. 1998ರಿಂದ 2012ರವರೆಗೆ ಅಲ್ಲಿ ಹಿಡಿದು ಬಿಟ್ಟ 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ಆಮೇಲೆ ವಿಜ್ಞಾನಿಗಳು ಕೂತು ನೋಡಿದರೆ, ವರ್ಷದಿಂದ ವರ್ಷಕ್ಕೆ ಗಾಳಕ್ಕೆ ಬೀಳೋ ಮೀನಿನ ಸಂಖ್ಯೆ ಏರುತ್ತಿದೆ, ಗಾತ್ರ ಇಳಿಯುತ್ತಿದೆ. ಏರಿದ್ದು ನೀಲಿ ರೆಕ್ಕೆಯದು. ಗೂನು ಬೆನ್ನಿನದು ಅಪರೂಪಕ್ಕೊಂದು ಸಿಕ್ಕರೂ ದೊಡ್ಡದು, ಮುದಿಯದು. ಮರಿಗಳೇ ಇಲ್ಲ. ದಡದಲ್ಲಿ ನಿಂತವರಿಗೆ ಮಾತ್ರ "ಮಹಶೀರ್ ಜಾಸ್ತಿ ಆಗ್ತಿದೆ" ಅಂತ ಖುಷಿ. ಹಿಡಿದದ್ದನ್ನೆಲ್ಲ ಬಿಟ್ಟರೂ ಒಂದು ಜಾತಿ ಮುಳುಗುತ್ತಿತ್ತು. ಅಣೆಕಟ್ಟು, ಮರಳು ತೆಗೆಯೋದು, ಡೈನಮೈಟು ಎಲ್ಲ ಅದರ ಜೊತೆಗಿದ್ದವೇ. ಅಷ್ಟು ಪ್ರಸಿದ್ಧ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು 'ಟಾರ್ ರೆಮಾದೇವಿ' ಅಂತ ತೀರ್ಮಾನವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಅಷ್ಟರಲ್ಲಿ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ನಿಂತಿತ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಿಡಿಯೋದೂ ಬೇಟೆಯೇ. ಕಾಕಾ ಹೇಳೋದಕ್ಕೂ ಕಾನೂನಿಗೂ ಇಲ್ಲಿ ಹೊಂದಾಣಿಕೆ ಆಗುತ್ತೆ. ಆದರೆ ಗಾಳದ ಜೊತೆಗೇ ದಿನಾ ನದಿ ಕಾಯುತ್ತಿದ್ದವರ ಕೆಲಸವೂ ಹೋಯಿತು, ಆ ಲೆಕ್ಕದ ಪುಸ್ತಕವೂ ಮುಚ್ಚಿತು. ಇದರಿಂದ ಲಾಭ ಯಾರಿಗಾಯಿತು ಅಂತ ಕೇಳಿದರೆ, ಮೀನಿಗೆ ಅಂತ ಧೈರ್ಯವಾಗಿ ಹೇಳೋಕೆ ನನಗೆ ಆಗಲ್ಲ.

ರಾಯಚೂರಿನಲ್ಲಿ ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯ ಈಗ ಕೆನಡಾದಲ್ಲಿದ್ದಾನೆ. ಅಲ್ಲಿನ ಫ್ರೇಸರ್ ನದಿಯಲ್ಲಿ ಸ್ಟರ್ಜನ್ ಅನ್ನೋ ಮೀನಿದೆ, ನೂರು ವರ್ಷ ದಾಟಿ ಬದುಕುತ್ತೆ. 1994ರಿಂದ ಅದನ್ನ ಹಿಡಿದರೆ ಬಿಡಲೇಬೇಕು. ಅಲ್ಲಿ ಗಾಳ ಹಾಕೋ ಗೈಡುಗಳೇ ಎಷ್ಟೋ ಜನ ಮೀನಿನ ಮೈಗೆ ಸಣ್ಣ ಟ್ಯಾಗ್ ಸೇರಿಸಿ, ಅಳತೆ ಬರೆದು ಬಿಡುತ್ತಾರೆ. ಮತ್ತೆ ಅದೇ ಮೀನು ಸಿಕ್ಕರೆ ಎಷ್ಟು ಬೆಳೆದಿದೆ, ಎಲ್ಲಿಗೆ ಹೋಗಿದೆ ಅಂತ ತಿಳಿಯುತ್ತೆ. ಅಲ್ಲೂ ಕೊಕ್ಕೆ ಚುಚ್ಚೋದು ಚುಚ್ಚೋದೇ. ಆದರೆ ಆ ನೋವಿನಿಂದ ಮೀನಿಗೆ ಏನಾದರೂ ಉಪಯೋಗ ಆಗಿದ್ದರೆ ಅದು ಆ ಲೆಕ್ಕದಿಂದ. ಫೋಟೋದಿಂದ ಏನೂ ಆಗಿಲ್ಲ.

ಹೊಳೆ ದಂಡೆಯಲ್ಲಿ ಕೂತು ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಸತ್ತ ಕಟ್ಲಾದ ವಿಷಯವನ್ನೂ ಹೇಳಿದೆ.

"ಅಂದ್ರ ರೊಕ್ಕಾ ಕೊಡಂಗಿಲ್ಲ, ಅಷ್ಟ ಹೌದಿಲ್ಲೋ?" ಅಂದ.

"ಮರಿ ತಂದು ಬಿಡೋದಿದ್ರೆ ಒಂದ್ ಪೈಸಾನೂ ಇಲ್ಲ. ಈ ಹೊಳ್ಯಾಗ ಈಗ ಏನೇನ್ ಅದಾವ, ಮೊದ್ಲು ಅದು ಹೇಳು."

"ಕಟ್ಲಾ, ರೋಹು, ಜಿಲೇಬಿ..." ಅಂದ. ಕಟ್ಲಾ, ರೋಹು ಗಂಗೆಯ ಕಡೆಯವು, ಜಿಲೇಬಿ ಆಫ್ರಿಕಾದ್ದು. ಕೃಷ್ಣೆಯದೇ ಅನ್ನೋ ಮೀನುಗಳ ಹೆಸರು ಕಾಕಾ ಹೇಳಬೇಕಾಯಿತು. ಬಾಳೆಮೀನು, ಹಾವುಮೀನು ಅಂತ ಶುರು ಮಾಡಿದವರು ಮಧ್ಯೆ ನಿಲ್ಲಿಸಿ, "ಒಂದಿಷ್ಟು ನಾನೂ ಭಾಳ ವರ್ಷದಿಂದ ನೋಡಿಲ್ಲಪಾ" ಅಂದರು.

ಮರುದಿನ ಮಾನ್ವಿಯಲ್ಲಿ 200 ಪುಟದ ಒಂದು ನೋಟ್‌ಬುಕ್ಕು, ಒಂದು ತೂಕದ ಕೊಕ್ಕೆ ಕೊಂಡು ತಮ್ಮನಿಗೆ ಕೊಟ್ಟೆ. ಒಂದು ವರ್ಷ ಕಾಕಾನ ಬಲೆಗೆ ಬಿದ್ದದ್ದನ್ನೆಲ್ಲ ಬರಿ, ಆಮೇಲೆ ಇಲಾಖೆ ಅನುಮತಿ ಸಿಕ್ಕರೆ, ಬೇಸಿಗೆಯಲ್ಲಿ ಬಂದ್ ಇಡೋದಾದರೆ, ಮುಳ್ಳಿಲ್ಲದ ಗಾಳ ಬಳಸೋದಾದರೆ ಮಾತಾಡೋಣ ಅಂದೆ. ಸಿಟ್ಟಿನಿಂದ ಮೂರು ವಾರ ಫೋನೇ ಎತ್ತಲಿಲ್ಲ. ನಾನೂ ನನ್ನ ಹಳೇ ಫೋಟೋದ ಕೆಳಗೆ 'ಈ ಮೀನು ಅವತ್ತೇ ಸತ್ತಿತು' ಅಂತ ಒಂದು ಸಾಲು ಸೇರಿಸಿದೆ. ಮ್ಯಾನೇಜರ್ ತನ್ನ ಟ್ಯಾಗ್ ತೆಗೆದುಹಾಕಿದರು.

ನಾಲ್ಕನೇ ವಾರ ವಾಟ್ಸ್ಯಾಪಿಗೆ ನೋಟ್‌ಬುಕ್ಕಿನ ಮೊದಲ ಪುಟದ ಫೋಟೋ ಬಂತು. ತಮ್ಮನ ವಕ್ರ ಅಕ್ಷರ. ತಾರೀಖು, ತೂಕ, ಹೆಸರು. ಜಿಲೇಬಿ, ಜಿಲೇಬಿ, ರೋಹು, ಜಿಲೇಬಿ. ಒಂಬತ್ತನೇ ಸಾಲಿನಲ್ಲಿ 'ಅರ್ಧ ಕೆಜಿ. ಹೆಸರು ಗೊತ್ತಿಲ್ಲ. ಅಪ್ಪಗೂ ಗೊತ್ತಿಲ್ಲ. ಬಿಟ್ಟೀವಿ' ಅಂತ ಇತ್ತು.