ಇಳಿಯೋದು ಹೆಂಗೆ?

ನಾನು ಪ್ಯಾರಾಗ್ಲೈಡಿಂಗ್ ಮಾಡುತ್ತೇನೆಂದು ಗೊತ್ತಾದ ಮೇಲೆ ನಮ್ಮ ನೆಂಟರಿಷ್ಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಹಾರೋದೇನೋ ಸರಿ, ಇಳಿಯೋದು ಹೆಂಗೆ?” ತಿಪಟೂರಿನ ದೊಡ್ಡಮ್ಮ ಇದನ್ನು ಒಂದು ಮದುವೆಯ ಊಟದಲ್ಲಿ, ಪಂಕ್ತಿಯ ಆ ತುದಿಯಿಂದ ಈ ತುದಿಗೆ ಕೂಗಿ ಕೇಳಿದರು. ಹೋಳಿಗೆ ಬಡಿಸುತ್ತಿದ್ದ ಹುಡುಗ ಕೂಡ ಉತ್ತರಕ್ಕಾಗಿ ನಿಂತ. ನಿಜ ಹೇಳಬೇಕೆಂದರೆ ಇಳಿಯುವ ಚಿಂತೆಯನ್ನು ಭೂಮಿಯೇ ವಹಿಸಿಕೊಂಡಿದೆ. ಗಾಳಿಯಲ್ಲಿ ಏರಿಳಿತವಿಲ್ಲದಿದ್ದರೆ ಗ್ಲೈಡರು ಸೆಕೆಂಡಿಗೆ ಸುಮಾರು ಒಂದು ಮೀಟರಿನ ಲೆಕ್ಕದಲ್ಲಿ ತಾನಾಗಿಯೇ ಇಳಿಯುತ್ತದೆ. 150 ಮೀಟರಿನ ಗುಡ್ಡದಿಂದ ಹೊರಟವನು ಎರಡೂವರೆ ನಿಮಿಷದಲ್ಲಿ ಯಾರದೋ ಹೊಲದಲ್ಲಿ ನಿಂತು ಬಟ್ಟೆ ಮಡಚುತ್ತಿರುತ್ತಾನೆ. ಇಳಿಯದೇ ಇರೋದು ಹೆಂಗೆ ಅನ್ನುವುದೇ ನಮ್ಮ ಗೋಳು. ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಗ್ಲೈಡರಿಗೆ ಎಂಜಿನ್ ಇಲ್ಲ, ಕಡ್ಡಿ ಕೋಲುಗಳ ಚೌಕಟ್ಟಿಲ್ಲ. ಸುಮಾರು 25 ಚದರ ಮೀಟರಿನ ನೈಲಾನ್ ಬಟ್ಟೆ, ಎರಡು ಪದರ, ಮುಂದಿನ ಅಂಚಿನಲ್ಲಿ ಸಾಲಾಗಿ ಬಾಯಿಗಳು. ಗುಡ್ಡದ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಓಡಿದರೆ ಆ ಬಾಯಿಗಳಿಂದ ಗಾಳಿ ತುಂಬಿ ಬಟ್ಟೆಯೇ ರೆಕ್ಕೆಯಾಗುತ್ತದೆ. ರೆಕ್ಕೆಯ ತೂಕ ಐದು ಕಿಲೋ ಆಸುಪಾಸು; ಹಾರ್ನೆಸ್, ಹೆಲ್ಮೆಟ್, ರಿಸರ್ವ್ ಪ್ಯಾರಾಶೂಟು ಎಲ್ಲ ಸೇರಿಸಿದರೂ ಒಬ್ಬನೇ ಹೊರಬಹುದಾದ ಮೂಟೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಮ್ಮೆ ಟಿಕೆಟ್ ನೋಡಲು ಬಂದವರು ಈ ಮೂಟೆಯನ್ನು ಒತ್ತಿ ನೋಡಿ, ಹಾಸಿಗೆ ವ್ಯಾಪಾರ ಹೇಗಿದೆ ಎಂದು ವಿಚಾರಿಸಿದರು. ಪರವಾಗಿಲ್ಲ ಅಂದೆ. ವಿಮಾನ ಸೀಟಿನ ಕೆಳಗಿದೆ ಎಂದರೆ ಲಗೇಜಿಗೆ ದಂಡ ಹಾಕುತ್ತಿದ್ದರೋ ಏನೋ.

ಇಷ್ಟು ಸರಳವಾದದ್ದು ಹುಟ್ಟಿದ ಕಥೆ ನನಗೆ ತುಂಬ ಇಷ್ಟ, ಏಕೆಂದರೆ ಅದರ ಮೂಲದಲ್ಲಿರುವುದು ನಮಗೆಲ್ಲ ಪರಿಚಯದ ಜಿಪುಣತನ. 1978ರಲ್ಲಿ ಫ್ರಾನ್ಸಿನ ಆಲ್ಪ್ಸ್ ಸೀಮೆಯ ಮ್ಯೂಸಿ ಎಂಬಲ್ಲಿ ಜಾನ್-ಕ್ಲೋಡ್ ಬೆತಾಂ ಮತ್ತವರ ಇಬ್ಬರು ಗೆಳೆಯರು ಪ್ಯಾರಾಶೂಟು ಕಟ್ಟಿಕೊಂಡು ಗುಡ್ಡದಿಂದ ಓಡಿ ಹಾರಿದರು. ಮೂವರೂ ವಿಮಾನದಿಂದ ಧುಮುಕುವ ಹವ್ಯಾಸದವರು. ಗುರಿಯಿಟ್ಟು ಇಳಿಯುವ ಅಭ್ಯಾಸಕ್ಕೆ ಪ್ರತಿಸಲ ವಿಮಾನದ ಖರ್ಚು ಯಾಕೆ, ಗುಡ್ಡವೊಂದು ಪುಕ್ಕಟೆ ಇರುವಾಗ? ಅಮೆರಿಕದ ಡೇವಿಡ್ ಬ್ಯಾರಿಷ್ 1960ರ ದಶಕದಲ್ಲೇ ಇಂಥದ್ದನ್ನು ಮಾಡಿ ತೋರಿಸಿದ್ದರು, ಆದರೆ ಆಗ ಅದು ಹಬ್ಬಲಿಲ್ಲ. ದುಡ್ಡುಳಿಸುವ ದಾರಿ ಎಂದು ಗೊತ್ತಾದ ಮೇಲೆ ಹಬ್ಬಿತು. ಮುಂದೆ ಇದರ ಸಾಮಾನಿಗೇ ಲಕ್ಷಗಟ್ಟಲೆ ಬೆಲೆ ಬಂದದ್ದು ಬೇರೆ ಮಾತು; ಅದನ್ನು ಮನೆಯಲ್ಲಿ ನಾನು ಬಿಡಿಸಿ ಹೇಳಿಲ್ಲ.

ನಾನು ಕಲಿತದ್ದು ಪುಣೆಗೂ ಲೋನಾವಳಕ್ಕೂ ನಡುವಿನ ಕಾಮಶೇತ್‌ನಲ್ಲಿ. ಏನು ಕಲಿತೆ ಎಂದರೆ, ಗುಡ್ಡದ ಮೇಲೆ ಕೂತುಕೊಳ್ಳುವುದನ್ನು. ಗಾಳಿ ಎದುರಿನಿಂದಲೇ ಬರಬೇಕು. ಗಂಟೆಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ಇದ್ದರೆ ಹಬ್ಬ. ಮೂವತ್ತು ಮುಟ್ಟಿದರೆ ಮೂಟೆ ಬಿಚ್ಚುವುದೇ ಬೇಡ, ಏಕೆಂದರೆ ಗ್ಲೈಡರಿನ ವೇಗವೇ ಮೂವತ್ತೈದರ ಆಸುಪಾಸು. ಬೆನ್ನ ಹಿಂದಿನಿಂದ ಬೀಸಿದರಂತೂ ಕೈಮುಗಿದು ಇಳಿದು ಹೋಗುವುದು ಮೇಲು. ಇಷ್ಟೆಲ್ಲ ಷರತ್ತು ಹಾಕಿಕೊಂಡು ನಾವು ಹತ್ತು ಹನ್ನೆರಡು ಜನ ಒಣಹುಲ್ಲಿನ ಮೇಲೆ ಕೂತಿರುತ್ತಿದ್ದೆವು. ಮುಂಬೈನ ಹಲ್ಲಿನ ಡಾಕ್ಟರು, ಚಾರ್ಟರ್ಡ್ ಅಕೌಂಟೆಂಟು, ಊರಿಗೆ ಹೋಗಿ ಬರುತ್ತೇನೆಂದು ಆಫೀಸಿನಲ್ಲಿ ರಜೆ ಗಿಟ್ಟಿಸಿದ ಹುಡುಗರು. ಎಲ್ಲರ ಕಣ್ಣೂ ಗಾಳಿ ತೋರಿಸುವ ಬಟ್ಟೆಯ ಚೀಲ, ವಿಂಡ್‌ಸಾಕ್ ಮೇಲೆ. ಅದು ಒಮ್ಮೆ ಏಳುತ್ತದೆ; ನಾವೂ ಏಳುತ್ತೇವೆ. ಅದು ಮಲಗುತ್ತದೆ, ನಾವು ವಡಾಪಾವ್ ಪೊಟ್ಟಣ ಬಿಚ್ಚುತ್ತೇವೆ. ಆಡು ಮೇಯಿಸುವ ಒಬ್ಬ ಅಜ್ಜ ದಿನಾ ಬಂದು, ಆಕಾಶವನ್ನೊಮ್ಮೆ ಮೂಸಿ, “ಆಜ್ ವಾರಾ ನಾಹೀ”, ಇವತ್ತು ಗಾಳಿಯಿಲ್ಲ, ಎಂದು ತೀರ್ಪು ಕೊಟ್ಟು ಹೋಗುತ್ತಿದ್ದ. ನಮ್ಮ ಫೋನುಗಳಲ್ಲಿ ಹವಾಮಾನದ ನಾಲ್ಕೈದು ಆ್ಯಪ್‌ಗಳಿದ್ದವು. ಅಜ್ಜ ಹೇಳಿದ್ದೇ ನಡೆಯುತ್ತಿತ್ತು.

ಗಾಳಿ ಬಂದರೂ ಮೊದಲು ಹೋಗಲು ಯಾರಿಗೂ ಮನಸ್ಸಿಲ್ಲ. ಮೇಲೆ ಏನಿದೆ ಎಂದು ತಿಳಿಯಲು ಒಬ್ಬ ಮುಂದೆ ಹೋಗಬೇಕು. ಅವನಿಗೆ ವಿಂಡ್ ಡಮ್ಮಿ ಎಂದು ಹೆಸರು. ಆಗ ಹಿರಿಯರಲ್ಲಿ ಇದ್ದಕ್ಕಿದ್ದಂತೆ ವಾತ್ಸಲ್ಯ ಉಕ್ಕುತ್ತದೆ. “ಹೋಗಪ್ಪಾ, ನೀನು ಚಿಕ್ಕೋನು, ನಿನಗೇ ಮೊದಲ ಚಾನ್ಸು.” ಆ ಹುಡುಗ ಮೇಲೆದ್ದರೆ ಎಲ್ಲರೂ ಮುಗಿಬಿದ್ದು ಬಕಲು ಹಾಕಿಕೊಳ್ಳುತ್ತಾರೆ. ಕೆಳಗೆ ಹೋದರೆ ಇನ್ನೊಂದು ವಡಾಪಾವ್.

ಬೀರ್-ಬಿಲ್ಲಿಂಗ್ ಮಾತೇ ಬೇರೆ. ಹಿಮಾಚಲದ ಕಾಂಗ್ಡಾ ಜಿಲ್ಲೆಯ ಬೀರ್‌ನಲ್ಲಿ, ಟಿಬೆಟನ್ನರ ಅಂಗಡಿಯಲ್ಲಿ ಥುಕ್ಪಾ ಕುಡಿದು ಜೀಪು ಹತ್ತಿದರೆ ಸುಮಾರು 2,400 ಮೀಟರ್ ಎತ್ತರದ ಬಿಲ್ಲಿಂಗ್. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಜಾಗ. ಹಿಂದೆ ಧೌಲಾಧಾರ್ ಸಾಲು, ಮುಂದೆ ಹಂತಹಂತವಾದ ಗದ್ದೆಗಳು. ಅಲ್ಲಿ ಮಳೆಗಾಲ ಮುಗಿದ ಅಕ್ಟೋಬರಿನಲ್ಲಿ ಹುಡುಕಬೇಕಾದದ್ದು ಥರ್ಮಲ್. ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಅದು ಕಾಯಿಸುವುದು ನೆಲವನ್ನು. ಕಾದ ಬಂಡೆ, ಒಣ ಹೊಲದ ಮೇಲಿನ ಗಾಳಿ ಹಗುರಾಗಿ, ಹಾಲಿನ ಪಾತ್ರೆಯ ತಳದಿಂದ ಗುಳ್ಳೆ ಏಳುವಂತೆ, ನೆಲ ಬಿಟ್ಟು ಏಳುತ್ತದೆ. ಅದರೊಳಗೇ ಗಿರಕಿ ಹೊಡೆಯುತ್ತ ಉಳಿದವನು ಮೋಡದ ಬುಡದವರೆಗೂ ಹೋದಾನು. ಆದರೆ ಅದು ಕಣ್ಣಿಗೆ ಕಾಣುವುದಿಲ್ಲ. ಒಂದೇ ವೇಗದಲ್ಲಿ ಏರುತ್ತಿದ್ದರೆ ಮೈಗೂ ತಿಳಿಯುವುದಿಲ್ಲ. ತಿಳಿಸುವುದು ತೊಡೆಯ ಮೇಲಿನ ವೇರಿಯೋ: ಏರಿದರೆ ಚುರುಕಾಗಿ ಪೀಪೀ ಅನ್ನುತ್ತದೆ, ಇಳಿದರೆ ನರಳುತ್ತದೆ. ಕೆಲವೊಮ್ಮೆ ಮೂಗಿಗೂ ಸುದ್ದಿ ಮುಟ್ಟುತ್ತದೆ. ಒಂದು ಮಧ್ಯಾಹ್ನ ಕಾಡಿನ ಮೇಲೆ ಎಲ್ಲೋ ಅಲೆಯುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಕಟ್ಟಿಗೆ ಹೊಗೆ, ಅದರ ಹಿಂದೆಯೇ ಸಾಸಿವೆ ಎಣ್ಣೆಯ ಒಗ್ಗರಣೆ ಮೂಗಿಗೆ ಬಡಿಯಿತು. ಯಾರದೋ ಅಡುಗೆಮನೆಯಿಂದ ಹೊರಟ ಥರ್ಮಲ್! ಅದರಲ್ಲೇ ಸುತ್ತುತ್ತ ಮೇಲೇರಿದೆ, ಹೊಟ್ಟೆ ಮಾತ್ರ ಕೆಳಗೇ ಉಳಿಯಿತು.

ಅಂಥ ಒಂದು ಸುತ್ತಿನೊಳಕ್ಕೆ ಒಂದು ರಣಹದ್ದು ಬಂತು. ಹಿಮಾಲಯದ ಈ ಹದ್ದಿನ ರೆಕ್ಕೆ ಬಿಚ್ಚಿದರೆ ಸುಮಾರು ಮೂರು ಮೀಟರು. ನನ್ನ ರೆಕ್ಕೆ ಅದರ ಮೂರು ಪಟ್ಟಿಗೂ ಹೆಚ್ಚು ಉದ್ದ, ಆದರೂ ಅದು ನನ್ನನ್ನು ಹಿಂದಿಕ್ಕಿ ಒಳಸುತ್ತು ಹಾಕಿ ಏರಿತು. ಪಕ್ಕದಲ್ಲಿ ಬಂದಾಗ ಕತ್ತು ತಿರುಗಿಸಿ ನೋಡಿತು. ರೆಕ್ಕೆಯ ತುದಿಯ ಗರಿಗಳು ಬೇರೆಬೇರೆಯಾಗಿ ಬಾಗಿದ್ದವು; ಒಂದು ಗರಿ ಉದುರಿ ಸಂದಿಯಾಗಿತ್ತು. ಮಕ್ಕಳ ಸೈಕಲ್ಲಿನ ಪಕ್ಕ ಬಸ್ಸು ಓಡಿಸುವವನು ನೋಡುವ ನೋಟ ಅದು.

ಚಿಕ್ಕಂದಿನಲ್ಲಿ ಮೈಸೂರು ರೈಲು ರಾಮನಗರಕ್ಕೆ ಬಂದಾಗ ಅಪ್ಪ ಕಿಟಕಿಯಿಂದ ಬೆಟ್ಟ ತೋರಿಸಿ “ಅಲ್ನೋಡೋ, ಶೋಲೆ ತೆಗೆದ ಜಾಗ” ಎನ್ನುತ್ತಿದ್ದರು. ನಾನು ನೋಡುತ್ತಿದ್ದದ್ದು ಬೆಟ್ಟದ ಮೇಲೆ ಸುತ್ತುವ ಹದ್ದುಗಳನ್ನು. ಆಮೇಲೆ ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹೊಟ್ಟೆಗೆ ಸೇರಿ ದೇಶದ ರಣಹದ್ದುಗಳನ್ನೇ ಗುಡಿಸಿಹಾಕಿತು. 2006ರಲ್ಲಿ ದನಗಳಿಗೆ ಅದನ್ನು ಕೊಡಬಾರದೆಂದಾಯಿತು. 2012ರಲ್ಲಿ ರಾಮನಗರದ ಆ ರಾಮದೇವರ ಬೆಟ್ಟ ರಣಹದ್ದು ಧಾಮವಾಯಿತು. ಬೋರ್ಡು ಬರುವ ಹೊತ್ತಿಗೆ ಹದ್ದುಗಳು ಬೆರಳೆಣಿಕೆಗೆ ಇಳಿದಿದ್ದವು.

ಅದೇ ಡೈಕ್ಲೋಫೆನಾಕ್ ಈಗ ನಮ್ಮ ಮನೆಗೂ ಬಂದಿದೆ, ನನ್ನ ಮಂಡಿಗೆ ಹಚ್ಚುವ ಮುಲಾಮಾಗಿ. ಓಡಬೇಡಿ, ಜಿಗಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. “ರೀ, ಅಟ್ಟದ ಮೇಲಿನ ಆ ಮೂಟೆ ಇಳಿಸಿದ್ರೆ ಹಬ್ಬದ ಪಾತ್ರೆ ಇಡಬಹುದಿತ್ತು” ಎಂದು ಹೆಂಡತಿ ಹೇಳಿದ್ದಾಳೆ. ಇಬ್ಬರೂ ತಿಳಿದವರೇ.

ಕೊಳ್ಳಲು ಬಂದವನು ಇಪ್ಪತ್ತೈದರ ಹುಡುಗ. ಹಾಲಿನಲ್ಲಿ ಸೋಫಾ ಸರಿಸಿ ರೆಕ್ಕೆ ಹಾಸಿದೆವು. ಅರ್ಧ ಅಡುಗೆಮನೆಗೆ ಹೋಯಿತು. ಅವನು ಮಂಡಿಯೂರಿ, ಆಹಾ, ಎಷ್ಟು ಸಲೀಸಾಗಿ ಮಂಡಿಯೂರಿ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿದ, ತುಟಿಗೆ ಹಿಡಿದು ಗಾಳಿ ಸೋರುತ್ತದೆಯೇ ಎಂದು ಊದಿ ನೋಡಿದ, ಒಂದೊಂದು ದಾರವನ್ನೂ ಬೆಳಕಿಗೆ ಹಿಡಿದ. ದಾರಗಳ ನಡುವಿನಿಂದ ಕಾಮಶೇತ್‌ನ ಹುಲ್ಲು ಉದುರಿತು.

“ಎಷ್ಟು ಗಂಟೆ ಹಾರಿದೆ ಸಾರ್?”

ಲಾಗ್‌ಬುಕ್ ತೆಗೆದು ತೋರಿಸಿದೆ. ಕಡಿಮೆಯೇ ಹಾರಿದೆ ಎಂದು ಅವನಿಗೆ ಖುಷಿಯಾಯಿತು. ನನಗೆ ಹೊಟ್ಟೆ ಚುರುಕ್ಕೆಂದಿತು. ಚೌಕಾಸಿ ಮಾಡಿ ಎರಡು ಸಾವಿರ ಇಳಿಸಿದ, ವಿಂಡ್‌ಸಾಕ್ ಪುಕ್ಕಟೆ ಬೇಕೆಂದ. ಕೊಟ್ಟೆ. ಮೂಟೆ ಹೆಗಲಿಗೇರಿಸಿ ಲಿಫ್ಟಿನ ಬಾಗಿಲಲ್ಲಿ ನಿಂತವನು ಸಂಕೋಚದಿಂದ ಕೇಳಿದ: “ಮುಂದಿನ ತಿಂಗಳು ನಮ್ಮ ಗ್ಯಾಂಗು ಕಾಮಶೇತ್‌ಗೆ ಹೋಗ್ತಿದೆ. ಸುಮ್ನೆ ಬಂದು ಗುಡ್ಡದ ಮೇಲೆ ಕೂತಿರ್ತೀರಾ ಸಾರ್? ಗಾಳಿ ನೋಡಿ ಹೇಳೋರು ಒಬ್ರು ಬೇಕು.”

ಕೂತಿರೋದರಲ್ಲಿ ನನ್ನ ಅನುಭವವೇ ಜಾಸ್ತಿ ಎಂದೆ. ಲೋಯರ್ ಬರ್ತೇ ಬೇಕು, ಮಂಡಿ ನೋವು.