ಅಣ್ಣನ ಜಾಗದಲ್ಲಿ ಅಪ್ಪ

ನಾಲ್ಕು ಕಂಠಗಳು ಕೂಡಿ ಹಾಡುವ ಮನೆಯಲ್ಲಿ ಒಂದು ಕಂಠ ಶಾಶ್ವತವಾಗಿ ನಿಂತುಹೋದರೆ ಏನು ಮಾಡುವುದು?

ಅಮೆರಿಕದ ಓಹಾಯೊ ರಾಜ್ಯದ ಪಿಕ್ವಾ ಎಂಬ ಸಣ್ಣ ಊರಿನಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದ ಜಾನ್ ಮಿಲ್ಸ್ ಅವರ ಕುಟುಂಬಕ್ಕೆ 1936ರಲ್ಲಿ ಎದುರಾದದ್ದು ಇದೇ ಪ್ರಶ್ನೆ. ಅವರ ಮಕ್ಕಳಾದ ಜಾನ್, ಹರ್ಬರ್ಟ್, ಹ್ಯಾರಿ, ಡೊನಾಲ್ಡ್ ಆ ಹೊತ್ತಿಗೆ 'ಮಿಲ್ಸ್ ಬ್ರದರ್ಸ್' ಎಂದು ರೇಡಿಯೋದಲ್ಲಿ ಹೆಸರಾಗಿದ್ದರು. ಹುಡುಗರಾಗಿದ್ದಾಗ ಒಂದು ಸ್ಪರ್ಧೆಯಲ್ಲಿ ಹ್ಯಾರಿ ತನ್ನ ಪುಟ್ಟ ಊದುವಾದ್ಯವನ್ನು ಮರೆತುಬಂದು, ಬಾಯಿಗೆ ಬೊಗಸೆ ಹಿಡಿದು ತುತ್ತೂರಿಯ ದನಿ ಹೊರಡಿಸಿದನಂತೆ. ಮುಂದೆ ನಾಲ್ವರೂ ಗಂಟಲಿನಲ್ಲೇ ವಾದ್ಯಮೇಳ ಕಟ್ಟಿದರು. ಕೇಳಿದವರು ನಂಬಲಿಲ್ಲ. ಗಿಟಾರೊಂದರ ಹೊರತು ಬೇರೆ ವಾದ್ಯವಿಲ್ಲವೆಂದು ಧ್ವನಿಮುದ್ರಿಕೆಯ ಮೇಲೆಯೇ ಅಚ್ಚು ಹಾಕಬೇಕಾಯಿತು!

ಹಿರಿಯಣ್ಣ ಜಾನ್‌ನದು ಎಲ್ಲರಿಗಿಂತ ತಗ್ಗಿನ ದನಿ. ಗಿಟಾರ್ ನುಡಿಸುತ್ತಿದ್ದವನೂ ಅವನೇ. ಮೂವತ್ತು ತುಂಬುವ ಮೊದಲೇ ನ್ಯುಮೋನಿಯಾ ಅವನನ್ನು ಕೊಂಡೊಯ್ದಿತು.

ದನಿಗಳ ಹೊಂದಾಣಿಕೆಗೆ ಒಂದು ಲೆಕ್ಕವಿದೆ. ಒಬ್ಬನ ಕಂಠ ಸೆಕೆಂಡಿಗೆ 200 ಸಲ ಕಂಪಿಸುವಾಗ ಉಳಿದವರದು 250 ಮತ್ತು 300 ಸಲ ಕಂಪಿಸಿದರೆ, ಅಂದರೆ 4:5:6ರ ಪ್ರಮಾಣದಲ್ಲಿದ್ದರೆ, ಮೂರೂ ಒಂದಾಗಿ ಕಿವಿಗೆ ಹಿತವೆನಿಸುತ್ತವೆ. ಒಂದೇ ಸ್ವರವನ್ನು ಇಬ್ಬರು ಹಾಡುವಾಗ ಒಬ್ಬ 200, ಇನ್ನೊಬ್ಬ 203 ಆದರೂ ಸಾಕು, ಸೆಕೆಂಡಿಗೆ ಮೂರು ಬಾರಿ ದನಿ ಏರಿಳಿದು ನಡುಗುತ್ತದೆ. ಈ ಕಟ್ಟಡಕ್ಕೆಲ್ಲ ತಗ್ಗಿನ ದನಿಯೇ ಅಡಿಪಾಯ.

ಆ ಅಡಿಪಾಯದ ಜಾಗಕ್ಕೆ ಅಪ್ಪನೇ ಬಂದು ನಿಂತರು. ಮಗನ ಪಾಲನ್ನು ಮಕ್ಕಳ ಜೊತೆ ಹಾಡಿದರು.

1942ರಲ್ಲಿ ಈ ಅಪ್ಪ-ಮಕ್ಕಳು 'ಪೇಪರ್ ಡಾಲ್' ಹಾಡಿದರು. ಅದು 1915ರಲ್ಲಿ ಜಾನಿ ಬ್ಲ್ಯಾಕ್ ಬರೆದಿದ್ದ ಹಳೆಯ ಹಾಡು. ಚಂಚಲ ಹುಡುಗಿಗಿಂತ ತನ್ನದೇ ಆದ ಕಾಗದದ ಬೊಂಬೆಯೇ ಮೇಲೆಂದು ಹಲುಬುವ ಪ್ರೇಮಿಯ ಮಾತು. ಡೊನಾಲ್ಡ್ ಮೊದಲು ನಿಧಾನವಾಗಿ, ಗೆಳೆಯನೊಡನೆ ದುಃಖ ತೋಡಿಕೊಳ್ಳುವಂತೆ ಹಾಡುತ್ತಾನೆ. ಆಮೇಲೆ ಲಯ ಚುರುಕಾಗುತ್ತದೆ, ಅದೇ ಅಳಲು ನಗುನಗುತ್ತಾ ಕುಣಿಯತೊಡಗುತ್ತದೆ. ಯಾರೂ ಕೂಗುವುದಿಲ್ಲ, ಯಾರೂ ಮುಂದೆ ನುಗ್ಗುವುದಿಲ್ಲ. ಕೆಳಗಡೆ ಅಪ್ಪನ ದನಿ ತನ್ನ ಪಾಡಿಗೆ ತಾನು ಎಲ್ಲವನ್ನೂ ಹೊತ್ತು ನಡೆಯುತ್ತದೆ. 1943ರ ಕೊನೆಯಲ್ಲಿ ಈ ಹಾಡು ಅಮೆರಿಕದ ಜನಪ್ರಿಯ ಪಟ್ಟಿಯ ತುದಿಯಲ್ಲಿ 12 ವಾರ ನಿಂತಿತು. ಬರೆದವನು ಆ ಗೆಲುವನ್ನು ಕಾಣಲು ಬದುಕಿರಲಿಲ್ಲ.

ಕಿವಿಗೊಟ್ಟರೆ ಆ ತಗ್ಗಿನ ದನಿ ಇಂದಿಗೂ ಸಿಗುತ್ತದೆ. ಮೊದಲ ಸಲ ಕೇಳುವವರಿಗೆ ಅದು ಇರುವುದೇ ತಿಳಿಯದು. ಅದನ್ನು ತೆಗೆದರೆ ಮಾತ್ರ ಹಾಡು ಕುಸಿಯುತ್ತದೆ. ಮನೆಯಲ್ಲಿ ಅಪ್ಪ-ಅಮ್ಮಂದಿರ ದನಿಯೂ ಹೆಚ್ಚುಕಡಿಮೆ ಹಾಗೆಯೇ ಅಲ್ಲವೇ?

1982ರಲ್ಲಿ ಹ್ಯಾರಿ, 1989ರಲ್ಲಿ ಹರ್ಬರ್ಟ್ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಡೊನಾಲ್ಡ್ ಜೊತೆ ನಿಂತು ಹಾಡಿದವನು ಅವರ ಮಗ. ಅವನ ಹೆಸರೂ ಜಾನ್.